‘ಅಣು’ ಎಂದರೆ ಇಲ್ಲಿ ಯಾವ ಅಣು?

ಬಲ್ಲವರ ಸಲಹೆ ಬೇಕಾಗಿದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಗ್ಗೆ ರೋಗಿಗಳಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಅಣು ವರ್ಗೀಕರಣ’, ಅಂದರೆ ಗಡ್ಡೆಯ ಜೀನ್ ಬದಲಾವಣೆಗಳನ್ನು ನೋಡಿ ಕ್ಯಾನ್ಸರನ್ನು ಗುಂಪು ಮಾಡುವುದು (molecular classification), ಎಂಬಲ್ಲಿ ತೊಡಕು.

ಪಠ್ಯಪುಸ್ತಕದಲ್ಲಿ ಅಣು ಬೇರೆ, ಪರಮಾಣು ಬೇರೆ. ಪತ್ರಿಕೆಯ ಕನ್ನಡದಲ್ಲಿ ಮಾತ್ರ ಅಣುಬಾಂಬ್, ಕೈಗಾ ಅಣುಸ್ಥಾವರ. ಪಕ್ಕದ ಸಾಲಿನಲ್ಲೇ ವಿಕಿರಣ ಚಿಕಿತ್ಸೆಯ ಮಾತಿರುವಾಗ ಓದುವವರು ಇದನ್ನೂ ವಿಕಿರಣದ ಲೆಕ್ಕಕ್ಕೇ ಸೇರಿಸುತ್ತಾರೆ. ‘ಆಣ್ವಿಕ’ ಎಂದರೂ ಅದೇ ಪಾಡು. ಮೇಲಾಗಿ ನಾಲಿಗೆ ಹೊರಳದು. ‘ಜೀನ್ ವಿಂಗಡಣೆ’ ಎಂದರೆ ಮಗಳಿಗೂ ಬಂದೀತೇ ಎಂಬ ಭಯ. ಲಿಂಚ್ ಸಿಂಡ್ರೋಮ್‌ನಂತಹ ಕೆಲವು ಪ್ರಕರಣಗಳನ್ನು ಬಿಟ್ಟರೆ ಈ ಬದಲಾವಣೆಗಳು ಗಡ್ಡೆಯೊಳಗೇ ಹುಟ್ಟಿದವು, ವಂಶದಿಂದ ಬಂದವಲ್ಲ. ಆದ್ದರಿಂದ ಸದ್ಯಕ್ಕೆ ‘ಗಡ್ಡೆಯ ಜೀನ್‌ಗುರುತು’ ಎಂದು ಬರೆದಿದ್ದೇನೆ.

ಎರಡನೆಯ ತೊಡಕು, ಗುಂಪುಗಳ ಹೆಸರು, ಇನ್ನೂ ಕಠಿಣ. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಸಂಶೋಧನಾ ತಂಡ ಈ ಕ್ಯಾನ್ಸರನ್ನು ನಾಲ್ಕು ಗುಂಪು ಮಾಡಿತು. 2023ರಲ್ಲಿ ಸ್ತ್ರೀರೋಗ ಹಾಗೂ ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ ರೋಗದ ಹಂತ ನಿರ್ಧರಿಸುವಲ್ಲೂ ಇದಕ್ಕೆ ಜಾಗ ಕೊಟ್ಟಿತು. ಮೊದಲ ಗುಂಪಿನ ಹೆಸರನ್ನು ನೇರವಾಗಿ ತಂದರೆ ‘ಅತಿ ರೂಪಾಂತರಿತ’. ಕೋವಿಡ್ ಕಾಲದ ‘ರೂಪಾಂತರಿ’ಯನ್ನು ಕಂಡವರಿಗೆ ಎದೆ ಝಲ್ಲೆನ್ನಲು ಇಷ್ಟು ಸಾಕು. ವಾಸ್ತವದಲ್ಲಿ ನಾಲ್ಕರಲ್ಲಿ ಅತ್ಯಂತ ಸೌಮ್ಯವಾದದ್ದು ಇದೇ! ಡಿಎನ್‌ಎ ನಕಲಾಗುವಾಗ ಕರಡು ತಿದ್ದುವ ಕಿಣ್ವದ ಜೀನ್, ಪೋಲ್-ಈ, ಕೆಟ್ಟಿರುತ್ತದೆ. ತಪ್ಪುಗಳು ಎಷ್ಟು ತುಂಬಿಕೊಳ್ಳುತ್ತವೆಂದರೆ ದೇಹದ ರಕ್ಷಣಾ ವ್ಯವಸ್ಥೆ ಆ ಜೀವಕೋಶಗಳನ್ನು ಪರಕೀಯವೆಂದು ಸುಲಭವಾಗಿ ಗುರುತಿಸುತ್ತದೆ. ಆರಂಭಿಕ ಹಂತದಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಸಾಮಾನ್ಯವಾಗಿ ಬೇರೆ ಚಿಕಿತ್ಸೆಯೇ ಬೇಡ. ಇದಕ್ಕೆ ಭಯ ಹುಟ್ಟಿಸದ, ಆದರೆ ಸುಳ್ಳೂ ಹೇಳದ ಹೆಸರು ಯಾವುದು? ನನಗೆ ‘ಪೋಲ್-ಈ ಗುಂಪು’ ಎಂದು ಬಿಟ್ಟುಬಿಡುವುದೇ ಮೇಲೆನಿಸುತ್ತದೆ.

ಇನ್ನೊಂದು ಗುಂಪಿನಲ್ಲಿ ಕೆಟ್ಟಿರುವುದು ಪಿ53, ಜೀವಕೋಶಗಳು ಹದ್ದುಮೀರಿ ಬೆಳೆಯದಂತೆ ತಡೆಯುವ ಪ್ರೋಟೀನ್. ಅದರ ಹೆಸರಾದ ‘ಪಿ53 ಅಸಹಜ’ ಎಂಬುದರ ಕಷ್ಟ ಮೊದಲಿನದಕ್ಕೆ ತಿರುವುಮುರುವು. ರಕ್ತಪರೀಕ್ಷೆಯ ವರದಿಯಲ್ಲೂ ‘ಅಸಹಜ’ ಕಂಡು ರೂಢಿಯಾದವರಿಗೆ ಅದು ಸಪ್ಪೆ. ಗುಂಪು ಮಾತ್ರ ಎಲ್ಲಕ್ಕಿಂತ ಉಗ್ರ. ಆರಂಭದಲ್ಲೇ ಪತ್ತೆಯಾದರೂ ಗರ್ಭಕೋಶದ ಸ್ನಾಯುವಿಗೆ ಇಳಿದಿದ್ದರೆ ವಿಕಿರಣದ ಜೊತೆಗೆ ಕೀಮೋಥೆರಪಿಯನ್ನೂ ಸೂಚಿಸುತ್ತಾರೆ. ‘ಕೆಟ್ಟ ಪಿ53’ ಎಂದು ಬರೆಯಲು ಕೈ ಬರುತ್ತಿಲ್ಲ.

ಮೂರನೆಯ ಗುಂಪು, ಡಿಎನ್‌ಎ ಜೋಡಣೆಯ ತಪ್ಪು ತಿದ್ದುವ ವ್ಯವಸ್ಥೆ ಹಾಳಾದದ್ದು. ರೋಗ ಮುಂದುವರಿದಾಗ ಡೋಸ್ಟಾರ್ಲಿಮಾಬ್, ಪೆಂಬ್ರೊಲಿಜುಮಾಬ್‌ನಂತಹ ಇಮ್ಯುನೊಥೆರಪಿ (ದೇಹದ ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ) ಔಷಧಗಳು ಚೆನ್ನಾಗಿ ನಾಟುವುದು ಇಲ್ಲೇ. ಇದಕ್ಕೆ ‘ತಿದ್ದುಪಡಿ ಕೊರತೆ’ ಎಂದರೆ ಸಂವಿಧಾನದ ವಾಸನೆ ಹೊಡೆಯುತ್ತದೆ. ‘ದುರಸ್ತಿಗೆಟ್ಟ’ ಹೇಗೆ? ಈ ಮೂರೂ ಲಕ್ಷಣ ಕಾಣದ ನಾಲ್ಕನೆಯದಕ್ಕೆ ‘ವಿಶೇಷ ಗುರುತಿಲ್ಲದ್ದು’ ಎಂದಿದ್ದೇನೆ, ಅದರಲ್ಲಿ ಯಾರಿಗೂ ತಕರಾರಿರಲಾರದು. ಕರಡು ಅಚ್ಚಿಗೆ ಹೋಗುವ ಮುನ್ನ ತಿಳಿದವರು, ಅದರಲ್ಲೂ ಪೆಥಾಲಜಿ ವರದಿಯನ್ನು ರೋಗಿಗಳಿಗೆ ಕನ್ನಡದಲ್ಲಿ ವಿವರಿಸಿ ರೂಢಿಯಿರುವವರು, ತಾವು ಬಳಸುವ ಪದ ತಿಳಿಸಬೇಕು.