ತೋಟದ ಮನೆಯ ಹಳೇ ಪ್ರಿಂಟ್: ಸಾಯುತ್ತಿರುವ ಈ ರಾಣಿ ಯಾರು?

ಮೂಡಿಗೆರೆ_ಹುಡುಗ:
ನಮ್ಮಜ್ಜ ಒಬ್ಬ ಬ್ರಿಟಿಷ್ ದೊರೆಯಿಂದ ತೋಟ ಕೊಂಡಾಗ ಬಂಗಲೆ ಸಾಮಾನಿನ ಜೊತೆ ಒಂದು ಫ್ರೇಮೂ ಬಂತು. ಕೆಂಪು-ಕಂದು ಇಂಕು. ಮಂಚದ ಮೇಲೆ ರಾಣಿ, ಕೈ ಜೋತುಬಿದ್ದಿದೆ, ಪಕ್ಕದಲ್ಲಿ ರಾಜ ಮುಖ ಮುಚ್ಚಿಕೊಂಡಿದ್ದಾನೆ. ಕೆಳಗೆ ‘ಎಲಿಯನೋರಾ’ ಅಂತ ಓದಬಹುದು, ಉಳಿದ ಸಾಲು ಫ್ರೇಮಿನೊಳಗೆ ಸೇರಿಕೊಂಡಿದೆ. ಯಾರಿವಳು? ಇದು ನಿಜಕ್ಕೂ ಹಳೆಯದಾ, ಇಲ್ಲ ಕ್ಯಾಲೆಂಡರ್ ತರಹದ್ದಾ? ಮಳೆಗಾಲಕ್ಕೆ ಬೂಷ್ಟು ಹಿಡಿದಿದೆ, ಒದ್ದೆ ಬಟ್ಟೆಯಲ್ಲಿ ಒರೆಸಲಾ?

ಹಳೇಕಾಗದ:
ಒದ್ದೆ ಬಟ್ಟೆ ಮಾತ್ರ ಬೇಡ ಮಾರಾಯ! ಕಾಗದ ಉಬ್ಬುತ್ತದೆ, ಕಲೆ ಹರಡುತ್ತದೆ. ಒಣಗಿದ ದಿನ ಫ್ರೇಮ್ ಬಿಚ್ಚಿ, ಮೆತ್ತನೆ ಬ್ರಶ್‌ನಲ್ಲಿ ಬೂಷ್ಟನ್ನು ಹಗುರಾಗಿ ತೆಗೆಯಿರಿ, ಅದೂ ಮನೆಯಿಂದ ಹೊರಗೆ, ಮಾಸ್ಕ್ ಹಾಕಿಕೊಂಡು.

ಆಮೇಲೆ ಭೂತಗನ್ನಡಿ ಹಿಡಿದು ನೋಡಿ. ಈಗಿನ ಆಫ್‌ಸೆಟ್ ಪ್ರಿಂಟಾದರೆ ಚುಕ್ಕಿಗಳು ಸಾಲಾಗಿ ಇರುತ್ತವೆ. ತಾಮ್ರದ ತಗಡಿನಿಂದ ಒತ್ತಿದ್ದಾದರೆ ಚುಕ್ಕಿಗಳು ಒಂದೊಂದು ಒಂದೊಂದು ಗಾತ್ರ, ಮುಖದ ಹತ್ತಿರ ಸಣ್ಣ, ಬಟ್ಟೆಯ ಮಡಿಕೆಯಲ್ಲಿ ದಪ್ಪ. ಚಿತ್ರದ ಸುತ್ತ ತಗಡು ಒತ್ತಿದ ಗುರುತು ಬೆರಳಿಗೇ ಸಿಗುತ್ತದೆ. ಕೆಳಗಿನ ಸಾಲು ಮುಖ್ಯ: ಇಂಗ್ಲೆಂಡಿನಲ್ಲಿ 1735ರ ಕಾಯ್ದೆ ಪ್ರಕಾರ ಪ್ರಕಟಣೆಯ ತಾರೀಕು ಹಾಕಬೇಕಿತ್ತು. ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು.

ಕೆಂಪು ಇಂಕು 1770-80ರ ಲಂಡನ್ನಿನ ಫ್ಯಾಷನ್. ಅದನ್ನು ಜನಪ್ರಿಯ ಮಾಡಿದವರಲ್ಲಿ ಕೆತ್ತನೆಗಾರ ವಿಲಿಯಂ ರೈಲ್ಯಾಂಡ್ ಒಬ್ಬ, ಕಡೆಗೆ 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಿಲ್ (ಹುಂಡಿ) ನಕಲಿ ಮಾಡಿದ್ದಕ್ಕೆ ನೇಣಿಗೇರಿದ. ಕೈಚಳಕ ಜಾಸ್ತಿಯಾದರೆ ಹೀಗೇ.

ಬೇಲೂರು_ಬಸ್ಸು:
ಸ್ಪೇನಿನ ಕಡೆಯ ಕ್ಯಾಸ್ಟೀಲಿನ ಎಲಿಯನೋರ್ ಇರಬೇಕು, ಇಂಗ್ಲೆಂಡಿನ ಒಂದನೇ ಎಡ್ವರ್ಡ್‌ನ ಹೆಂಡತಿ. 1290ರ ನವೆಂಬರ್ 28ರಂದು ಲಿಂಕನ್ ಹತ್ತಿರದ ಹಾರ್ಬಿಯಲ್ಲಿ ತೀರಿಕೊಂಡಳು. ಶವ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವ ದಾರಿಯಲ್ಲಿ ರಾತ್ರಿ ತಂಗಿದ ಕಡೆಯಲ್ಲೆಲ್ಲ ರಾಜ ಕಲ್ಲಿನ ಶಿಲುಬೆ ನಿಲ್ಲಿಸಿದ, ಒಟ್ಟು 12, ಈಗ ಉಳಿದಿರುವುದು ಮೂರು. ಅವಳೇ ಗಂಡನ ಗಾಯದ ವಿಷ ಬಾಯಿಂದ ಹೀರಿದಳು ಅನ್ನುವುದು ಆಮೇಲೆ ಹುಟ್ಟಿದ ಕಥೆ, ಚಿತ್ರಕಾರರಿಗೆ ಮಾತ್ರ ಅದೇ ಇಷ್ಟ. ಹಾಗಾಗಿ ಚಿತ್ರದಲ್ಲಿರುವ ಅಳು, ಮಂಚ, ಬಟ್ಟೆ ಎಲ್ಲ ಐನೂರು ವರ್ಷ ಆಮೇಲಿನವರ ಕಲ್ಪನೆ.

ನಮ್ಮ ಶಾಂತಲೆಗೂ ಇದೇ ಆಗಿದೆ ಅಲ್ವಾ? 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿದಳು ಅನ್ನುವುದು ಜನ ಸೇರಿಸಿದ್ದು.

ಮೂಡಿಗೆರೆ_ಹುಡುಗ:
ಬಿಚ್ಚಿದೆ. ತಗಡಿನ ಗುರುತು ಇದೆ! ಕೆಳಗೆ 1785 ಅಂತ ಕಾಣುತ್ತದೆ, ಹೆಸರಿನ ಜಾಗವನ್ನು ಹುಳ ತಿಂದಿದೆ.

ಹಳೇಕಾಗದ:
ತಾರೀಕು ನೋಡಿ ಕುಣಿಯಬೇಡಿ, ಅದೇ ತಗಡಿನಿಂದ ಎಷ್ಟೋ ವರ್ಷ ಆಮೇಲೂ ಪ್ರತಿ ತೆಗೆಯುತ್ತಿದ್ದರು. ಕಾಗದವನ್ನು ಬೆಳಕಿಗೆ ಹಿಡಿದು ಗೆರೆ, ನೀರಚ್ಚು (ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ ಗುರುತು) ಏನಾದರೂ ಕಾಣುತ್ತದಾ ನೋಡಿ ಫೋಟೋ ಹಾಕಿ. ಹಿಂದಿನ ಪ್ಲೈವುಡ್ ಮಾತ್ರ ಇವತ್ತೇ ತೆಗೆದುಬಿಡಿ.