ಸಾನ್ ಜಿಮಿನ್ಯಾನೊ – ಸಿಯೆನಾ – ವಾಲ್ ದೋರ್ಚಾ: ಅಪ್ಪನ ಜೊತೆ ಆರು ದಿನದ ನಡಿಗೆ, ದಾರಿ ಹೇಗೆ ಹಂಚಿಕೊಳ್ಳೋದು?

ಪ್ರಶ್ನೆ — ಗುಡ್ಡದಾಚೆ

ಮೇ ಕೊನೆಯ ವಾರ ಇಟಲಿಯ ಟಸ್ಕನಿಯಲ್ಲಿ ಆರು ದಿನ ನಡೆಯುವ ಯೋಚನೆ ಇದೆ. ಮೂವರು: ನಾನು, ಹೆಂಡತಿ, 63 ವರ್ಷದ ಅಪ್ಪ. ಅಪ್ಪನಿಗೆ ದಿನಾ ಆರೇಳು ಕಿ.ಮೀ. ನಡೆದು ಅಭ್ಯಾಸ, ಮಂಡಿ ಚೆನ್ನಾಗಿದೆ, ಇಳಿಜಾರಿನಲ್ಲಿ ಮಾತ್ರ ನಿಧಾನ. ನಾವಿಬ್ಬರೂ ಕುಮಾರಪರ್ವತ, ಕುದುರೆಮುಖ ಹತ್ತಿದವರು. ಅಲ್ಲಿನ ಹೆಚ್ಚಿನ ಊರುಗಳು ಮುನ್ನೂರು, ನಾಲ್ಕುನೂರು ಮೀಟರ್ ಎತ್ತರದಲ್ಲಿ ಇರೋದರಿಂದ ಕಷ್ಟ ಆಗಲಾರದು ಅಂದುಕೊಂಡಿದ್ದೇವೆ.

ರೋಮ್‌ಗೆ ಹೋಗುವ ಹಳೆಯ ಯಾತ್ರಿಕರ ದಾರಿ ವಿಯಾ ಫ್ರಾಂಚಿಜೆನಾದಲ್ಲಿ ಸಾನ್ ಜಿಮಿನ್ಯಾನೊದಿಂದ ಮೊಂತೆರಿಜ್ಜೋನಿಗೆ ಒಂದೇ ದಿನದ ಹಂತ 31 ಕಿ.ಮೀ. ಅಂತ ತೋರಿಸುತ್ತಿದೆ. ಅದನ್ನು ಒಡೆಯಬಹುದಾ? ಸಿಯೆನಾ ಆದಮೇಲೆ ರಾದಿಕೋಫಾನಿವರೆಗೂ ಹೋಗುವುದು ಜಾಸ್ತಿ ಆಯ್ತಾ? ಎತ್ತರದ ಬೂಟು ಬೇಕಾ, ಸಾಧಾರಣ ಟ್ರೆಕ್ಕಿಂಗ್ ಶೂ ಸಾಕಾ? ಮೂವರೂ ಸಸ್ಯಾಹಾರಿಗಳು, ಅಪ್ಪ ಮೊಟ್ಟೆಯನ್ನೂ ತಿನ್ನೋದಿಲ್ಲ.

ಉತ್ತರ — ದಾರಿಬುತ್ತಿ

ಮೊದಲು ಆ ಕುಮಾರಪರ್ವತದ ಲೆಕ್ಕ ಪಕ್ಕಕ್ಕಿಡಿ. ಅಲ್ಲಿ ಒಂದು ದೊಡ್ಡ ಏರು, ಒಂದು ದೊಡ್ಡ ಇಳಿತ, ಮುಗೀತು. ಇಲ್ಲಿ 60 ಮೀಟರ್ ಇಳಿದು ಹಳ್ಳ ದಾಟಿ 80 ಮೀಟರ್ ಹತ್ತಬೇಕು, ದಿನವಿಡೀ ಅದೇ. ಊರು ಇರೋದು ಗುಡ್ಡದ ನೆತ್ತಿಯ ಮೇಲೆ, ಆದ್ದರಿಂದ ಕಾಲು ಸೋತ ಹೊತ್ತಿಗೇ ಕೊನೆಯ ಏರು ಬರುತ್ತದೆ. ಮಲೆನಾಡಿನ ಕಾಡಿನ ನೆರಳೂ ಇಲ್ಲ. ಸೈಪ್ರೆಸ್ ಮರದ ಸಾಲು ಫೋಟೋಕ್ಕೆ ಚೆಂದ, ನೆರಳಿಗೆ ಪ್ರಯೋಜನವಿಲ್ಲ.

ಸಮಯದ ಲೆಕ್ಕ ಹೀಗೆ ಹಾಕಿ: ನಿಮ್ಮ ತಂದೆಯವರಿಗೆ ಗಂಟೆಗೆ ಮೂರೂವರೆ ಕಿ.ಮೀ., ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ ಹೆಚ್ಚುವರಿ, ಎರಡು ಗಂಟೆಗೊಮ್ಮೆ ಕಾಲು ಗಂಟೆ ವಿಶ್ರಾಂತಿ. ಹಾಗೆ ನೋಡಿದರೆ 31 ಕಿ.ಮೀ. ಅಂದರೆ ಹತ್ತು ಗಂಟೆ ಮೀರುತ್ತದೆ. ಒಡೆಯಲೇಬೇಕು.

ಒಡೆಯುವ ಜಾಗ ಕೊಲ್ಲೆ ದಿ ವಾಲ್ ದೆಲ್ಸಾ. ವಿಯಾ ಫ್ರಾಂಚಿಜೆನಾದ ಮುಖ್ಯದಾರಿ ಈ ಊರನ್ನು ಬಳಸಿ ಗ್ರಾಚಾನೊ ಕಡೆ ಹೋಗುತ್ತದೆ, ಆದರೆ ಊರೊಳಗೆ ಬರುವ ಕವಲುದಾರಿಯೂ ಇದೆ. ಹಂತದ ಹೆಚ್ಚುಕಡಿಮೆ ಅರ್ಧ ಅಲ್ಲಿಗೆ ಮುಗಿಯುತ್ತದೆ. ಊರಿಗೆ ಎರಡು ಭಾಗ: ಕೆಳಗಿನ ಪೇಟೆ, ಮೇಲಿನ ಹಳೆಯ ಊರು. ನಡುವೆ ಸಾರ್ವಜನಿಕ ಲಿಫ್ಟ್ ಇದೆ. ಮರುದಿನ ಗ್ರಾಚಾನೊ ದಾಟಿದ ಮೇಲೆ ಲೆ ಕಾಲ್ದಾನೆ ಅನ್ನುವ ಹಳೆಯ ಸ್ನಾನದ ಕೊಳ, ಮುಂದೆ 1001ರಲ್ಲಿ ಸ್ಥಾಪನೆಯಾದ ಅಬ್ಬಾದಿಯಾ ಆ ಈಸೊಲಾ ಮಠ, ಅಲ್ಲಿಂದ ಮೊಂತೆರಿಜ್ಜೋನಿಗೆ ನಾಲ್ಕು ಕಿ.ಮೀ. ಮೊಂತೆರಿಜ್ಜೋನಿಯೊಳಗೆ ಕೋಣೆಗಳು ಕಡಿಮೆ, ದುಬಾರಿ ಕೂಡ. ಸಿಗದಿದ್ದರೆ ಮಠದ ಪಕ್ಕದ ಯಾತ್ರಿಕರ ತಂಗುಮನೆ ನೋಡಿ. ಅದಕ್ಕೆ ಕ್ರೆದೆನ್ತ್ಸಿಯಾಲೆ, ಅಂದರೆ ಯಾತ್ರಿಕರ ಮುದ್ರೆಪುಸ್ತಕ, ಕೈಯಲ್ಲಿರಬೇಕು. ಹೊರಡುವ ಮೊದಲೇ ತರಿಸಿಕೊಳ್ಳಿ.

ಮೊಂತೆರಿಜ್ಜೋನಿ ಎಂದರೆ ಒಂದು ಕೋಟೆ, ಅದರೊಳಗೆ ಒಂದು ಚೌಕ, ಅಷ್ಟೇ. ಫ್ಲಾರೆನ್ಸನ್ನು ತಡೆಯಲು ಸಿಯೆನಾದವರು 1213ರಿಂದ 1219ರ ನಡುವೆ ಕಟ್ಟಿದ್ದು. ಸುತ್ತಳತೆ ಸುಮಾರು 570 ಮೀಟರ್, 14 ಬುರುಜು. ಹಗಲು ಪ್ರವಾಸಿ ಬಸ್ಸುಗಳ ಗದ್ದಲ, ಸಂಜೆ ಆರರ ಮೇಲೆ ಊರು ನಿಮ್ಮದೇ. ಅಲ್ಲಿಂದ ಸಿಯೆನಾಗೆ ಸುಮಾರು 20 ಕಿ.ಮೀ. ಅರ್ಧದಷ್ಟು ಓಕ್ ಕಾಡಿನಂಚು, ಆಮೇಲೆ ಪಿಯಾನ್ ದೆಲ್ ಲಾಗೊ ಅನ್ನುವ ಬಯಲು (18ನೇ ಶತಮಾನದಲ್ಲಿ ಕೆರೆ ಬರಿದು ಮಾಡಿದ ಜಾಗ), ಕೊನೆಗೆ ಕಮೊಲ್ಲಿಯಾ ಬಾಗಿಲು. ನಡುವೆ ಅಂಗಡಿಯನ್ನು ನಂಬಬೇಡಿ, ತಲೆಗೆ ಎರಡು ಲೀಟರ್ ನೀರು ಹೊರಿ. ಊರಿನ ನಲ್ಲಿಗಳಲ್ಲಿ «ನೊನ್ ಪೊತಾಬಿಲೆ» (ಕುಡಿಯಲು ಯೋಗ್ಯವಲ್ಲ) ಎಂಬ ಫಲಕ ಇಲ್ಲದಿದ್ದರೆ ಸಾಮಾನ್ಯವಾಗಿ ಕುಡಿಯಬಹುದು. ಹಳ್ಳಿ ಸ್ಮಶಾನಗಳ ಗೋಡೆ ಪಕ್ಕ ನಲ್ಲಿ ಇರುವುದು ಈ ದಾರಿಯಲ್ಲಿ ನಡೆಯುವವರಿಗೆಲ್ಲ ಗೊತ್ತಿರುವ ಗುಟ್ಟು. ಅಲ್ಲೂ ಫಲಕ ನೋಡಿಯೇ ತುಂಬಿಸಿ.

ಸಿಯೆನಾ ಆದಮೇಲೆ ನೇರ ನಡೆಯಬೇಡಿ. ಸಿಯೆನಾದಿಂದ ಪೊಂತೆ ದಾರ್ಬಿಯಾ, ಅಲ್ಲಿಂದ ಸಾನ್ ಕ್ವೀರಿಕೊ, ಎರಡೂ 26 ಕಿ.ಮೀ. ಆಸುಪಾಸು, ಮೊದಲನೆಯದರ ಕೊನೆಯ ಭಾಗ ರೈಲು ಹಳಿ ಪಕ್ಕ, ಬೇಸರ. ನಾಲ್ಕನೇ ದಿನ ಸಿಯೆನಾ ನೋಡಿ, ಸಂಜೆ ಬಸ್ಸಿನಲ್ಲಿ ಸಾನ್ ಕ್ವೀರಿಕೊ. ಐದನೇ ದಿನ ವಿತಾಲೇತಾ ಎಂಬ ಪುಟ್ಟ ಚರ್ಚಿನ ಪಕ್ಕ ಹಾದು ಪಿಯೆನ್ತ್ಸಾ, ಸುಮಾರು 10 ಕಿ.ಮೀ. ಆರನೇ ದಿನ ಮೊಂತಿಕ್ಕಿಯೆಲ್ಲೊ ಮೂಲಕ ಮೊಂತೆಪುಲ್ಚಾನೊ. ಇದರ ಕೊನೆಯ ಏರು ದೊಡ್ಡದು, ಬೆಳಿಗ್ಗೆ ಎಂಟರೊಳಗೆ ಹೊರಡಿ.

ರಾದಿಕೋಫಾನಿ ಬಿಡಿ. ಸಾನ್ ಕ್ವೀರಿಕೊದಿಂದ ಸುಮಾರು 33 ಕಿ.ಮೀ., ನಡುವೆ ಊರು ವಿರಳ, ಕೊನೆಯ ಹತ್ತು ಕಿ.ಮೀ. ಬಿಸಿಲಿನಲ್ಲಿ ಏರುತ್ತಲೇ ಹೋಗುತ್ತದೆ.

ಉತ್ತರ — ಎರೆಹೊಲ

ದಾರಿ ಹಂಚಿಕಿ ಮ್ಯಾಲಿನವರು ಸರಿಯಾಗಿ ಹೇಳ್ಯಾರ. ನಾ ಕಾಲಿನ ಬಗ್ಗೆ ಹೇಳ್ತೀನಿ.

ಸಿಯೆನಾದ ದಕ್ಷಿಣಕ್ಕ ಕ್ರೇತೆ ಸೆನೇಸಿ ಮತ್ತ ವಾಲ್ ದೋರ್ಚಾದ ಮಣ್ಣು ಹಳೇ ಸಮುದ್ರದ ತಳದ ಜೇಡಿ. ಒಣಗಿದ್ದಾಗ ಕಲ್ಲು, ಮಳಿ ಬಿದ್ದ ಮ್ಯಾಲೆ ನಮ್ಮ ಗದಗ–ನವಲಗುಂದದ ಎರಿ ಹೊಲಾನ ನೋಡ್ರಿ: ಹತ್ತು ಹೆಜ್ಜಿಗೆ ಬೂಟಿನ ತಳಕ್ಕ ಎರಡೆರಡು ಇಂಚು ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಕಿಲೋ ಆಗ್ತದ. ತಳದ ಹಲ್ಲು ಎಷ್ಟು ಆಳ ಇರ್ತಾವ ಅಷ್ಟು ಹೆಚ್ಚು ಮಣ್ಣು ಹಿಡೀತಾವ, ಹಿಡಿದ ಮ್ಯಾಲೆ ಹಿಡಿತಾನ ಇರೂದಿಲ್ಲ, ಜಾರ್ತದ. ಹಂಗಾಗಿ ಭಾರೀ ಎತ್ತರದ ಚರ್ಮದ ಬೂಟು ಬ್ಯಾಡ. ಹಲ್ಲು ನಾಲ್ಕು ಮಿಲಿಮೀಟರ್ ಆಸುಪಾಸು, ನಡುವ ಅಂತರ ಇದ್ದ, ಪಾದ ಮುಚ್ಚೂ ಟ್ರೇಲ್ ಶೂ ಸಾಕು.

ಮಳಿ ಆದ ದಿನ ಹೊಲದ ದಾರಿ ಬಿಟ್ಟು ಬಿಳಿ ಜಲ್ಲಿ ರಸ್ತೆ ಹಿಡೀರಿ. ನಕ್ಷೆಯೊಳಗ «ಸ್ತ್ರಾದಾ ಬಿಯಾಂಕಾ» ಅಂತಿರ್ತದ. ದೂರ ಒಂದೆರಡು ಕಿ.ಮೀ. ಹೆಚ್ಚಾದ್ರೂ ಬೇಗ ಮುಟ್ಟತೀರಿ. ಬ್ಯಾರೆ ದಾರಿ ಇಲ್ಲಂದ್ರ ಗಾಲಿ ಜಾಡು ತುಳೀಬ್ಯಾಡ್ರಿ, ಅಂಚಿನ ಹುಲ್ಲಿನ ಮ್ಯಾಲೆ ನಡೀರಿ. ಸಾನ್ ಜಿಮಿನ್ಯಾನೊ ಇಳಿದ ಮ್ಯಾಲೆ ಹಳ್ಳ ದಾಟೂ ಜಾಗ ಬರ್ತಾವ. ಜೋರು ಮಳಿ ಆದ ಮರುದಿನ ಕಲ್ಲು ಮುಳುಗಿದ್ರ ಇಳೀಬ್ಯಾಡ್ರಿ, ರಸ್ತೆ ಸುತ್ತಿ ಹೋಗ್ರಿ.

ಒಣ ದಿನದಾಗ ತೊಂದರಿ ಬ್ಯಾರೆ. ಗಟ್ಟಿ ರಸ್ತೆ ಮ್ಯಾಲೆ ಸಣ್ಣ ಜಲ್ಲಿ, ಇಳಿಜಾರಿನಾಗ ಕಾಲು ಸರಕ್ಕನ ಜಾರ್ತದ. ನಿಮ್ಮ ಅಪ್ಪಾರಿಗೆ ಎರಡು ಕೋಲು ಬೇಕ ಬೇಕು. ಇಳಿಯೂಮುಂದ ಕೋಲು ಐದು ಸೆಂ.ಮೀ. ಉದ್ದ ಮಾಡ್ರಿ, ಸಣ್ಣ ಹೆಜ್ಜಿ, ಮಂಡಿ ಸ್ವಲ್ಪ ಮಡಚಿ. ಶೂ ಅರ್ಧ ಸೈಜ್ ದೊಡ್ಡದಿರಲಿ, ಲೇಸಿನ ಮ್ಯಾಲಿನ ಎರಡು ಕಣ್ಣಿಗೆ ಬಿಗಿ ಗಂಟು ಹಾಕ್ರಿ. ಇಲ್ಲಾಂದ್ರ ಇಳಿತದಾಗ ಬೆರಳು ಮುಂದ ಬಡದು ಉಗುರು ಕಪ್ಪಾಗ್ತಾವ. ಕೋಲು ವಿಮಾನದ ಕೈಚೀಲದಾಗ ಬಿಡೂದಿಲ್ಲ, ಲಗೇಜಿಗೆ ಹಾಕ್ರಿ.

ತಯಾರಿಗೆ ಸಾವನದುರ್ಗ ಹತ್ತಿ ಉಪಯೋಗಿಲ್ಲ. ಸತತ ಎರಡು ದಿನ 15–18 ಕಿ.ಮೀ. ನಡದು ನೋಡ್ರಿ, ಅದ ಶೂ, ಅದ ಸಾಕ್ಸ್, ಅದ ಚೀಲ ಹಾಕ್ಕೊಂಡು. ಎರಡನೇ ದಿನ ಮುಂಜಾನೆ ಪಾದ ಏನು ಹೇಳ್ತದ ಅದ ನಿಜವಾದ ಉತ್ತರ.

ಗುಡ್ಡದಾಚೆ

ತುಂಬಾ ಉಪಕಾರ. ಚೀಲ ಹೊರದೆ ನಡೆಯೋಕೆ ವ್ಯವಸ್ಥೆ ಇದೆಯಾ? ಊಟದ ಬಗ್ಗೆಯೂ ಗೊತ್ತಿರುವವರು ಹೇಳಿ, ಅಪ್ಪನಿಗೆ ಅದೇ ಚಿಂತೆ.

ಉತ್ತರ — ಉಪ್ಪಿಲ್ಲದ ಬ್ರೆಡ್ಡು

ಚೀಲ ಸಾಗಿಸುವ ಸೇವೆಗಳಿವೆ, ಒಂದು ವಸತಿಯಿಂದ ಇನ್ನೊಂದಕ್ಕೆ. ಮೊದಲೇ ಕಾಯ್ದಿರಿಸಿ, ಬೆಳಿಗ್ಗೆ ಹೇಳಿದ ಹೊತ್ತಿಗೆ ಹೆಸರಿನ ಚೀಟಿ ಹಚ್ಚಿ ಬಾಗಿಲ ಬಳಿ ಇಟ್ಟರೆ ಸಾಕು. ತೂಕದ ಮಿತಿ ಕೇಳಿಕೊಳ್ಳಿ. ಔಷಧಿ, ಪಾಸ್‌ಪೋರ್ಟ್ ಮಾತ್ರ ಬೆನ್ನ ಮೇಲೇ ಇರಲಿ.

ಊಟಕ್ಕೆ ಉಪವಾಸ ಬೀಳುವ ಊರಲ್ಲ ಇದು, ಆದರೆ ಹೊತ್ತು ತಪ್ಪಿದರೆ ಬೀಳುತ್ತೀರಿ. ಅಡುಗೆಮನೆಗಳು ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಗೆ. ಹಳ್ಳಿಯ ದಿನಸಿ ಅಂಗಡಿ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆಯೇ ಬ್ರೆಡ್ಡು, ಟೊಮೆಟೊ, ಹಣ್ಣು ಕೊಂಡು ಹೊರಡಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಚಟ್ನಿಪುಡಿ, ಆಲಿವ್ ಎಣ್ಣೆ ಇದ್ದರೆ ನಿಮ್ಮ ತಂದೆಯವರು ದೂರು ಹೇಳಲಾರರು. ಊರಿಂದ ಚಟ್ನಿಪುಡಿ ತನ್ನಿ. ತುಪ್ಪ, ಪೇಡ, ಹಸಿ ಕರಿಬೇವು ತರಬೇಡಿ: ಹೊರದೇಶದಿಂದ ಹಾಲಿನ ಪದಾರ್ಥ ಒಯ್ಯಲು ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ, ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಮೊಟ್ಟೆ ವಿಷಯಕ್ಕೆ ಬಂದರೆ, ತಾಲ್ಯಾತೆಲ್ಲೆ, ಪಾಪ್ಪಾರ್ದೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾ ಎರಡರಲ್ಲೂ ಮೊಟ್ಟೆ ಇರುತ್ತದೆ. ಸಿಯೆನಾ ಕಡೆಯ ದಪ್ಪ ಶಾವಿಗೆಯಂಥ ಪೀಚಿ ಸಂಪ್ರದಾಯದ ಪ್ರಕಾರ ಹಿಟ್ಟು ಮತ್ತು ನೀರು ಮಾತ್ರ, ಆದರೂ ಕೆಲವರು ಮೊಟ್ಟೆ ಸೇರಿಸುತ್ತಾರೆ. «ಸೆನ್ತ್ಸಾ ಉವೋವಾ?» (ಮೊಟ್ಟೆ ಇಲ್ಲದ್ದಾ?) ಎಂದು ಕೇಳಿ. ಸಾಸು «ಆಲ್ಯೋನೆ» ಎಂದರೆ ಬೆಳ್ಳುಳ್ಳಿ ಮತ್ತು ಟೊಮೆಟೊ, ಧೈರ್ಯವಾಗಿ ತಿನ್ನಿ. ರಿಬೊಲ್ಲಿತಾ ಸೊಪ್ಪು–ಕಾಳಿನ ಸಾರು ಎಂದು ನಂಬಿ ತಕ್ಷಣ ಹೇಳಬೇಡಿ, ಕೆಲವೆಡೆ ಹಂದಿ ಕೊಬ್ಬು ಅಥವಾ ಮಾಂಸದ ಸಾರು ಸೇರಿರುತ್ತದೆ. ಪಿಯೆನ್ತ್ಸಾದ ಪೆಕೊರೀನೊ ಕುರಿಹಾಲಿನ ಚೀಸ್. ಸಾಮಾನ್ಯವಾಗಿ ಹಾಲು ಒಡೆಯಲು ಪ್ರಾಣಿಯ ಹೊಟ್ಟೆಯ ಕಿಣ್ವ ಬಳಸುತ್ತಾರೆ. ತಂದೆಯವರು ಅಷ್ಟು ಕಟ್ಟುನಿಟ್ಟಾಗಿದ್ದರೆ ಮೊದಲೇ ಹೇಳಿಬಿಡಿ.

ಉತ್ತರ — ಕೆಳಗಿನ ಸ್ಟೇಷನ್

ಇಲ್ಲಿ ಯಾರೂ ಹೇಳದ ಕೆಲವು ವಿಷಯ, ಮೊದಲು ಬಸ್ಸು–ರೈಲಿಗೆ ಸಂಬಂಧಿಸಿದ್ದು.

ಊರು ನೆತ್ತಿಯ ಮೇಲೆ, ರೈಲು ಕಣಿವೆಯಲ್ಲಿ. ಸಾನ್ ಜಿಮಿನ್ಯಾನೊಗೆ ಸ್ಟೇಷನ್ನೇ ಇಲ್ಲ, ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮೊಂತೆಪುಲ್ಚಾನೊ ಹೆಸರಿನ ಸ್ಟೇಷನ್ ಊರಿಂದ ಹತ್ತು ಕಿ.ಮೀ. ದೂರ. ಹೆಸರು ನೋಡಿ ಟಿಕೆಟ್ ತೆಗೆದವರು ಸಂಜೆ ಹೊತ್ತು ಬಯಲಲ್ಲಿ ನಿಲ್ಲಬೇಕಾಗುತ್ತದೆ. ವಾಪಸು ಹೋಗುವಾಗ ಕ್ಯೂಸಿ ಸ್ಟೇಷನ್ನಿಗೆ ಬಸ್ಸಿದೆಯೇ ನೋಡಿ, ಅಲ್ಲಿ ರೋಮ್–ಫ್ಲಾರೆನ್ಸ್ ರೈಲು ಹೆಚ್ಚು. ಹಳ್ಳಿ ಬಸ್ಸುಗಳು ಭಾನುವಾರ ಅತಿ ಕಡಿಮೆ, ಕೆಲವು ಮಾರ್ಗದಲ್ಲಿ ಇಲ್ಲವೇ ಇಲ್ಲ. ವೇಳಾಪಟ್ಟಿಯಲ್ಲಿ «ಸ್ಕೊಲಾಸ್ತಿಕೊ» ಎಂದಿದ್ದರೆ ಅದು ಶಾಲೆ ಇರುವ ದಿನ ಮಾತ್ರ. ಜೂನ್ 2 ರಾಷ್ಟ್ರೀಯ ರಜೆ, ನಿಮ್ಮ ಆರನೇ ದಿನ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಸ್ಸಿನ ಕಾಗದದ ಟಿಕೆಟ್ ಹತ್ತಿದ ಕೂಡಲೇ ಯಂತ್ರಕ್ಕೆ ತೋರಿಸಿ ಮುದ್ರೆ ಹಾಕಿಸದಿದ್ದರೆ ಟಿಕೆಟ್ ಇದ್ದೂ ದಂಡ.

ಇನ್ನೊಂದು, ರಾದಿಕೋಫಾನಿ ಪೂರ್ತಿ ಬಿಡಿ ಅನ್ನೋದನ್ನು ಒಪ್ಪುತ್ತೇನೆ, ಆದರೆ ಅದೇ ಹಂತದ ಮೊದಲ ಐದಾರು ಕಿ.ಮೀ. ಬಿಡಬೇಡಿ. ಸಾನ್ ಕ್ವೀರಿಕೊದಿಂದ ವಿನ್ಯೋನಿ ಹಳ್ಳಿ ಹತ್ತಿ ಬಾನ್ಯೊ ವಿನ್ಯೋನಿಗೆ ಇಳಿಯಬಹುದು. ಅಲ್ಲಿ ಊರ ನಡುವೆ ಚೌಕದ ಬದಲು ಬಿಸಿನೀರಿನ ಕಲ್ಯಾಣಿ. ಅದಕ್ಕೆ ಇಳಿಯುವಂತಿಲ್ಲ, ಆದರೆ ನೀರು ಹರಿದುಹೋಗುವ ಕೆಳಗಿನ ಹಳೆಯ ಗಿರಣಿಗಳ ಪಾರ್ಕಿನಲ್ಲಿ ಪಾದ ನೆನೆಸಬಹುದು. ನಾಲ್ಕನೇ ದಿನ ಸಿಯೆನಾದಿಂದ ಮಧ್ಯಾಹ್ನದ ಬಸ್ಸಿಗೇ ಹೊರಟರೆ ಇದು ಅದೇ ಸಂಜೆ ಆಗುತ್ತದೆ. ಮೇ ಕೊನೆಯಲ್ಲಿ ಎಂಟೂವರೆವರೆಗೂ ಬೆಳಕಿರುತ್ತದೆ.

ಕಾರು ರಸ್ತೆಯ ತುಂಡುಗಳಲ್ಲಿ ಎಡಬದಿಯಲ್ಲಿ ನಡೆಯಿರಿ. ಅಲ್ಲಿ ವಾಹನ ಬಲಕ್ಕೆ ಓಡುತ್ತದೆ, ನಿಮಗೆ ಎದುರಿಂದ ಬರುವುದು ಎಡದಲ್ಲಿ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ನಮ್ಮೂರಿನ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಫ್ರಾಂಚಿಜೆನಾದ ಗುರುತು ಬಿಳಿ–ಕೆಂಪು ಪಟ್ಟಿ, ಜೊತೆಗೆ ಕೋಲು ಹಿಡಿದ ಪುಟ್ಟ ಯಾತ್ರಿಕ. ಸೈಕಲ್ ಚಿತ್ರ ಇದ್ದರೆ ಅದು ಬೇರೆ ದಾರಿ.

ಕುರಿಹಿಂಡಿನ ಜೊತೆ ದೊಡ್ಡ ಬಿಳಿ ನಾಯಿಗಳಿರುತ್ತವೆ. ಹಿಂಡಿನ ನಡುವೆ ಹಾದುಹೋಗಬೇಡಿ, ಓಡಬೇಡಿ, ಕೋಲು ಎತ್ತಬೇಡಿ. ನಿಂತು, ದೂರದಿಂದ ಸುತ್ತಿ ನಿಧಾನವಾಗಿ ಸಾಗಿ. ತುರ್ತಿಗೆ 112.