ರಾತ್ರಿ ಹನ್ನೊಂದರ ಟಾಕ್ ಶೋ: ಮೊದಲ ಕಂತು ನೋಡಿದವರು ಹೇಳಿ, ನಿರೂಪಕನನ್ನ ಬದಲಾಯಿಸೋದಾ?

ತುಮಕೂರು, ಎಸ್‌.ಎಸ್‌. ಪುರಂ: ಶನಿವಾರ ರಾತ್ರಿ 11ಕ್ಕೆ ನಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಟಾಕ್ ಶೋ ಶುರುವಾಯ್ತು. ನಿರೂಪಕ ಹೊಸ ಹುಡುಗ. ಆರಂಭದ ಜೋಕುಗಳಿಗೆ ಯಾರೂ ನಗಲಿಲ್ಲ, ಅತಿಥಿ ಮಾತು ಬಾವಿಯೊಳಗಿಂದ ಬಂದ ಹಾಗಿದೆ ಅಂತ ಕಾಮೆಂಟು. 10x12 ಅಡಿ ಬಾಡಿಗೆ ಕೋಣೆ, ಒಂದು ಶಾಟ್‌ಗನ್ ಮೈಕು (ಎದುರಿನ ಸದ್ದನ್ನೇ ಹೆಚ್ಚು ಹಿಡಿಯೋ ಉದ್ದ ಕೊಳವೆ ಮೈಕು), ಎರಡು ಕ್ಯಾಮೆರಾ, ಎದುರಿಗೆ ಎಂಟು ಜನ ಗೆಳೆಯರು. ಅನುಭವ ಇದ್ದೋರು ತಿಳಿಸಿ.

ಕ್ಯಾತ್ಸಂದ್ರ: ಶಾಟ್‌ಗನ್ ಬಯಲಿನ ಸಾಮಾನು ಕಣ್ರೀ. ಸಣ್ಣ ಕೋಣೇಲಿ ತೂಗುಹಾಕಿದ್ರೆ ಛಾವಣಿಗೆ ಬಡಿದು ವಾಪಸ್ ಬರೋ ಸದ್ದನ್ನೂ ಎಳ್ಕೊಳ್ಳುತ್ತೆ. ನಾವು ಕಾಲರ್ ಮೈಕಿಗೇ ಅಂಟ್ಕೊಂಡಿದೀವಿ, ಆಡ್ಕೊಳ್ಳೋರು ಆಡ್ಕೊಳ್ಳಲಿ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ರೇಷ್ಮೆ ಸೀರೆ, ಗಂಜಿ ಹಾಕಿದ ಅಂಗಿ ಆದ್ರೆ ಸರಸರ ಅನ್ನುತ್ತೆ, ವೈರನ್ನ ಒಂದು ಸುತ್ತು ಸುತ್ತಿ ಒಳಗಡೆ ಟೇಪು ಹಾಕಿ. ಒಬ್ಬೊಬ್ಬರ ದನಿಗೂ ಬೇರೆ ಟ್ರ್ಯಾಕು, ಅಂದ್ರೆ ಬೇರೆ ಬೇರೆ ರೆಕಾರ್ಡಿಂಗು. ರೆಕಾರ್ಡಿಂಗ್ ಮೀಟರಿನಲ್ಲಿ ಮಾತು ಮೈನಸ್ 12 ಡಿಬಿ (ಡೆಸಿಬೆಲ್) ಸುತ್ತ ನಿಲ್ಲಲಿ, ಜೋರು ನಗುವಿಗೆ ಮೇಲೆ ಜಾಗ ಬೇಕು. ಎಡಿಟ್ ಮಾಡುವಾಗ ಸುಮ್ಮನಿರೋರ ಟ್ರ್ಯಾಕು ಇಳಿಸಿ, ಇಲ್ಲಾಂದ್ರೆ ಎರಡೂ ಮೈಕಿಗೆ ಒಂದೇ ದನಿ ಬಿದ್ದು ಟೊಳ್ಳಾಗುತ್ತೆ.

ಗೌರಿಬಿದನೂರು: ಮೈಕು ಬದಲಾದ್ರೆ ಗೋಡೆ ಬದಲಾಗುತ್ತಾ? ಒಂದಿಂಚು ಫೋಮ್ ಅಂಟಿಸೋರೂ ಹೀಗೇ. ಅದು ಸ, ಶ ಅನ್ನೋ ಚೂಪು ಸದ್ದನ್ನಷ್ಟೇ ನುಂಗುತ್ತೆ, ಗಂಡು ದನಿಯ ಗುಂಯ್ ಹಾಗೇ ಉಳಿಯುತ್ತೆ. 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯದು, 2x4 ಅಡಿ ಮರದ ಚೌಕಟ್ಟಿಗೆ ತುಂಬಿ ಮೇಲೆ ಹತ್ತಿ ಬಟ್ಟೆ. ಗೋಡೆಗೂ ಅದಕ್ಕೂ ನಡುವೆ ಎರಡಿಂಚು ಖಾಲಿ ಬಿಡಿ. ಎರಡನ್ನ ಛಾವಣಿಗೆ, ಅತಿಥಿ ತಲೆ ಮೇಲೆ. ಬಟ್ಟೆಗೆ ಬಾಯಿಟ್ಟು ಊದಿ, ಉಸಿರು ಆಚೆ ಹೋಗಬೇಕು. ರೆಕ್ಸಿನ್ ಹೊದಿಸಿದ್ರೆ ನೀರಲ್ಲಿ ಹೋಮ. ಕೆಲಸ ಮಾಡುವಾಗ ಕೈಗವಸು, ಮಾಸ್ಕು ಬೇಕೇ ಬೇಕು, ನವೆ ಹತ್ತುತ್ತೆ. ಬಡಗಿ ಕೂಲಿ ಸೇರಿ ನಮಗೆ 14,000 ಬಿತ್ತು, ಅದರಲ್ಲಿ 2,200 ಬರೀ ಟೆಂಪೋ ಬಾಡಿಗೆ. ಆ ಟೆಂಪೋದವನ ಮಾತು ಎತ್ತಬೇಡಿ.

ಕ್ಯಾತ್ಸಂದ್ರ: 14,000ಕ್ಕೆ ಎರಡು ಕಾಲರ್ ಮೈಕು ಬಂದು ಚಿಲ್ಲರೆ ಉಳಿಯುತ್ತೆ. ಕೋಣೆ ಖಾಲಿ ಮಾಡುವಾಗ ಗೋಡೆ ಹೊತ್ಕೊಂಡು ಹೋಗ್ತೀರಾ?

ಗೌರಿಬಿದನೂರು: ಮೊಳೆಗೆ ನೇತಾಕೋದು ಸ್ವಾಮಿ. ಓದಿ ಆಮೇಲೆ ಬರೀರಿ.

ಮುಳಬಾಗಿಲು: ಚಿತ್ರದಲ್ಲಿ ಪಟ್ಟೆ ಓಡ್ತಿರೋದು ಇಬ್ಬರಿಗೂ ಕಾಣ್ಲಿಲ್ವಾ? ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಕ್ಯಾಮೆರಾ ಅದಕ್ಕೆ ಹೊಂದದಿದ್ರೆ ಪಟ್ಟೆ ಬರುತ್ತೆ. ಎರಡೂ ಕ್ಯಾಮೆರಾಕ್ಕೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ, ಆಟೋದಲ್ಲಿ ಬಿಡಬೇಡಿ. ನಗು ಬರದೇ ಇರೋದಕ್ಕೂ ಕಾರಣ ಇದೆ: ಹುಡುಗ ಮೇಜಿನ ಮೇಲಿನ ಫೋನ್ ನೋಡಿ ಓದ್ತಾನೆ, ಪಂಚ್ ಬರೋ ಹೊತ್ತಿಗೆ ಕಣ್ಣು ಕೆಳಗೆ, ನೆತ್ತಿ ಮಾತ್ರ ಕಾಣುತ್ತೆ. ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಲೆನ್ಸಿನ ಪಕ್ಕದಲ್ಲೇ ಯಾರಾದ್ರೂ ಹಿಡೀಲಿ, ರಟ್ಟಿಗೊಂದೇ ಜೋಕು. ಎಂಟೂ ಜನರನ್ನ ಚದುರಿಸದೆ ಕ್ಯಾಮೆರಾ ಪಕ್ಕ ಒತ್ತೊತ್ತಾಗಿ ಕೂರಿಸಿ, ಅವರ ತಲೆ ಮೇಲೊಂದು ಬೇರೆ ಮೈಕು. ರೆಡಿಮೇಡ್ ನಗು ಸೇರಿಸಿದ್ರೆ ಮಾತ್ರ ಚಾನೆಲ್ಲೇ ಮುಚ್ಚಿಬಿಡಿ.

ಚಿಂತಾಮಣಿ: ಒಂದು ಕಂತಿಗೇ ಹುಡುಗನ ತಲೆದಂಡವಾ? 1993ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟಿವಿಯಲ್ಲಿ ರಾತ್ರಿ ಟಾಕ್ ಶೋ ನಡೆಸೋಕೆ ಇಬ್ಬರು ಹೊಸಬರು ಬಂದ್ರು. ಸಿನಿಮಾ ನಟ ಚೆವಿ ಚೇಸ್ ಶೋ ಎರಡು ತಿಂಗಳೂ ಬಾಳಲಿಲ್ಲ. ಕಾನನ್ ಓಬ್ರಯನ್ ತೆರೆಮರೆಯಲ್ಲಿ ಜೋಕು ಬರೀತಿದ್ದೋನು, 13ನೇ ತಾರೀಕು ಶುರು ಮಾಡಿದ. ವಿಮರ್ಶಕರು ಉಗಿದ್ರು, ಅವನ ಟಿವಿ ಚಾನೆಲ್ ಎನ್‌ಬಿಸಿ ಒಂದು ಹಂತದಲ್ಲಿ 13 ವಾರಕ್ಕೊಮ್ಮೆ ಒಪ್ಪಂದ ಮುಂದುವರಿಸ್ತಿತ್ತು. ಅದೇ ಶೋನಲ್ಲಿ 2009ರವರೆಗೆ ಕೂತ.

ಮುಳಬಾಗಿಲು: ಎನ್‌ಬಿಸಿ ಲೈಟಿಂಗಿಗೂ ಇವರ ಟ್ಯೂಬ್‌ಲೈಟಿಗೂ ಹೋಲಿಕೆಯಾ ಮೇಡಂ?

ಚಿಂತಾಮಣಿ: ಲೈಟಿನ ಮಾತು ನಾನು ಆಡಿದ್ನಾ? ಮನುಷ್ಯನ ಮಾತು ಆಡ್ತಿದೀನಿ. ನಿಮಗೆ ಶಟರ್ ಬಿಟ್ರೆ ಬೇರೆ ಪ್ರಪಂಚ ಇಲ್ಲ.

ಶಿಡ್ಲಘಟ್ಟ: ರಾತ್ರಿ 11ಕ್ಕೆ ಯಾರ್ ನೋಡ್ತಾರೆ? ಇಲ್ಲಿ ಬೆಳಗಾದ್ರೆ ಗೂಡಿನ ಮಾರ್ಕೆಟ್ಟು, ಡೇರಿಗೆ ಹಾಲು. 9ಕ್ಕೆ ಹಾಕಿ.

ಗೌರಿಬಿದನೂರು: 9ಕ್ಕೆ ಮನೆ ಟಿವಿ ಸೀರಿಯಲ್‌ನವರ ಕೈಲಿರುತ್ತೆ.

ಶಿಡ್ಲಘಟ್ಟ: ಯೂಟ್ಯೂಬ್ ನೋಡೋದು ಫೋನಲ್ಲಿ ಗುರೂ. ರಾಕ್‌ವೂಲ್ ಕಿವಿಗೂ ತುರುಕ್ಕೊಂಡಿದೀರಾ?

ಗೌರಿಬಿದನೂರು: ಬಾಯಿಗೆ ತುರುಕೋಕೂ ಮಿಕ್ಕಿದೆ, ವಿಳಾಸ ಕಳಿಸಿ. ಟೆಂಪೋ ಬಾಡಿಗೆ ನಿಮ್ಮದೇ.